ಒಗರು ಹಣ್ಣಿನ ಮರಗಳು

ಕೇಳುಗರೇ, ನಮಸ್ಕಾರ.

ಮಲೆನಾಡಿನ ಅಪ್ಪೆಮಿಡಿ ನಿಮಗೆ ಗೊತ್ತಲ್ವಾ? ಆ ಮಾವು ಹಣ್ಣಾಗಲಿ ಎಂದು ಯಾರೂ ಕಾಯುವುದಿಲ್ಲ. ಆದರೆ ಉಪ್ಪಿನಕಾಯಿ ಭರಣಿಗೆ ಆ ಮಿಡಿಯೇ ಆಗಬೇಕು. ಹೊಳೆಯಂಚಿನ ಎಷ್ಟೋ ಮರಗಳು ಹೋದವು, ನಿಜ. ಉಳಿದವು ಉಳಿದದ್ದು ಮಾತ್ರ ಆ ಭರಣಿಯಿಂದ. ಒಳ್ಳೆಯ ಮರ ಕಂಡವರು ಅದರ ಕುಡಿ ತಂದು ಕಸಿ ಕಟ್ಟಿಕೊಂಡರು.

ಫ್ರಾನ್ಸಿನ ನಾರ್ಮಂಡಿಯಲ್ಲಿ ಡೊಂಫ್ರೊಂ ಎಂಬ ಊರಿದೆ. ಅದರ ಸುತ್ತಲಿನ ಹುಲ್ಲುಗಾವಲುಗಳಲ್ಲಿ ಪೇರ್ ಮರಗಳಿವೆ. ನಾವು ಮರಸೇಬು ಅನ್ನುತ್ತೇವಲ್ಲ, ಅದೇ ಜಾತಿ. ಆದರೆ ಅಂಗಡಿಯಲ್ಲಿ ಸಿಗುವ ಸಿಹಿ ಹಣ್ಣಲ್ಲ. ಚಿಕ್ಕದು, ಗಟ್ಟಿ, ಕಚ್ಚಿದರೆ ನಾಲಿಗೆ ಜಡ್ಡುಗಟ್ಟುವಷ್ಟು ಒಗರು. ಮರಗಳಂತೂ ಭಾರಿ ಎತ್ತರ. ಇನ್ನೂರು, ಮುನ್ನೂರು ವರ್ಷ ಬಾಳುತ್ತವೆ. ಕೆಳಗೆ ದನ ಮೇಯುತ್ತವೆ, ಕೊಂಬೆಗಳು ಅವುಗಳ ಬಾಯಿಗೆ ಸಿಗದಷ್ಟು ಮೇಲಿರುತ್ತವೆ. ಶರತ್ಕಾಲದಲ್ಲಿ ಹಣ್ಣು ಹುಲ್ಲಿನ ಮೇಲೆ ಉದುರುತ್ತದೆ, ಜನ ಆರಿಸಿಕೊಳ್ಳುತ್ತಾರೆ.

ತಿನ್ನಲಾಗದ ಈ ಹಣ್ಣಿನಿಂದ ಅವರು ಬ್ರಾಂದಿ ಮಾಡುತ್ತಾರೆ. ಹೆಸರು ಕಾಲ್ವಡೋಸ್. ನಾರ್ಮಂಡಿಯ ಬೇರೆ ಕಡೆ ಅದು ಹೆಚ್ಚಾಗಿ ಸೇಬಿನದು. ಡೊಂಫ್ರೊಂನ ಮಣ್ಣಿಗೆ ಪೇರ್ ಚೆನ್ನಾಗಿ ಒಗ್ಗಿದೆ, ಹಾಗಾಗಿ ಇಲ್ಲಿ ಎರಡೂ ಸೇರುತ್ತವೆ. ಹಣ್ಣು ಅರೆದು, ರಸ ಹಿಂಡಿ, ಹುಳಿಯಲು ಬಿಡುತ್ತಾರೆ. ಆಮೇಲೆ ಕಂಬದಂಥ ಭಟ್ಟಿಯಲ್ಲಿ ಒಂದೇ ಸಲ ಇಳಿಸುತ್ತಾರೆ. ನಾರ್ಮಂಡಿಯದೇ ಪೇ ದೋಜ್ ಸೀಮೆಯಲ್ಲಿ ಎರಡು ಸಲ ಇಳಿಸುವುದು ರೂಢಿ. ಕೊನೆಗೆ ಓಕ್ ಮರದ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಇಡಬೇಕು.

ಕುಡಿತವನ್ನು ಹೊಗಳಲು ನಾನು ಇಲ್ಲಿ ಕೂತಿಲ್ಲ. ನನಗೆ ಮುಖ್ಯವಾದದ್ದು ಮರ.

ಪೇರ್ ಬೀಜ ಬಿತ್ತಿದರೆ ತಾಯಿಮರದಂಥ ಹಣ್ಣೇ ಬರುವುದಿಲ್ಲ. ತಳಿ ಮುಂದುವರಿಯಬೇಕಾದರೆ ಕಸಿಯೇ ಆಗಬೇಕು. ಅಂದರೆ ಡೊಂಫ್ರೊಂನ ಹೆಸರುವಾಸಿ ತಳಿ ‘ಪ್ಲಾಂ ದ ಬ್ಲಾಂ’ ಇವತ್ತು ಇದ್ದರೆ, ಪ್ರತಿ ತಲೆಮಾರಿನಲ್ಲೂ ಯಾರೋ ಒಬ್ಬರು ಚಾಕು ಹಿಡಿದು ಅದರ ಕುಡಿ ಕತ್ತರಿಸಿ ಕಟ್ಟಿದ್ದಾರೆ ಎಂದೇ ಅರ್ಥ. ಒಂದು ತಲೆಮಾರು ಸುಮ್ನೆ ಕೂತರೂ ಸರಪಳಿ ಕಡಿದುಹೋಗುತ್ತದೆ.

ಕಡಿದುಹೋಗುವ ಕಾಲವೂ ಬಂದಿತ್ತು. ತಮ್ಮ ತೋಟದ ಹಣ್ಣಿನಿಂದ ಸ್ವಲ್ಪ ಬ್ರಾಂದಿಯನ್ನು ತೆರಿಗೆಯಿಲ್ಲದೆ ಇಳಿಸಿಕೊಳ್ಳುವ ಹಕ್ಕು ಅಲ್ಲಿನ ರೈತರಿಗಿತ್ತು. ಆ ಹಕ್ಕು ಮಕ್ಕಳಿಗೆ ದಾಟುವುದನ್ನು 1960ರಲ್ಲಿ ಸರ್ಕಾರ ನಿಲ್ಲಿಸಿತು. ಹಳೆಯ ತೋಟ ಕಿತ್ತು ಹಾಕುವವರಿಗೆ ಹಣವನ್ನೂ ಕೊಟ್ಟಿತು. ನನ್ನನ್ನು ಕೇಳಿದರೆ ಇದು ದೊಡ್ಡ ತಪ್ಪು. ಕುಡಿತ ಕಡಿಮೆ ಮಾಡಬೇಕು ಅನ್ನುವ ಉದ್ದೇಶ ಅರ್ಥವಾಗುತ್ತದೆ. ಆದರೆ ಮುನ್ನೂರು ವರ್ಷದ ಮರವನ್ನು ಒಂದು ಮಧ್ಯಾಹ್ನದಲ್ಲಿ ಉರುಳಿಸಿದರೆ ಮತ್ತೆ ತರುವುದು ಹೇಗೆ?

1997ರಲ್ಲಿ ಡೊಂಫ್ರೊಂ ಸೀಮೆಯ ಕಾಲ್ವಡೋಸ್‌ಗೆ ಸ್ವಂತ ಪ್ರದೇಶ ಮುದ್ರೆ ಸಿಕ್ಕಿತು. ನಮ್ಮಲ್ಲಿ ಜಿಐ ಟ್ಯಾಗ್ ಅನ್ನುತ್ತೇವಲ್ಲ, ಅಂಥದ್ದು. ಅದರ ಒಂದು ನಿಯಮ ನನಗೆ ತುಂಬ ಇಷ್ಟ: ಕನಿಷ್ಠ ಶೇ. 30ರಷ್ಟು ಪೇರ್ ಇರಲೇಬೇಕು. ಬರೀ ಸೇಬು ಹಾಕಿ ಆ ಹೆಸರು ಬಳಸುವಂತಿಲ್ಲ. ಆ ಹೆಸರು ಬೇಕು ಅನ್ನುವವನು ಪೇರ್ ಮರವನ್ನು ಸಾಕಲೇಬೇಕು. ಹುಳಿಸಿದ ಪೇರ್ ರಸಕ್ಕೂ 2002ರಲ್ಲಿ ಇಂಥದ್ದೇ ಮುದ್ರೆ ಬಂತು.

ಇವೆರಡರ ನಡುವೆ, 1999ರ ಡಿಸೆಂಬರ್‌ನಲ್ಲಿ, ದೊಡ್ಡ ಬಿರುಗಾಳಿ ಎದ್ದು ಎಷ್ಟೋ ಹಳೆಯ ಮರಗಳನ್ನು ಬುಡಮೇಲು ಮಾಡಿತು. ಮರುವರ್ಷವೇ ಆ ಗುಂಡಿಯಲ್ಲಿ ಕಸಿ ಸಸಿ ನೆಟ್ಟು, ದನ ಮುಟ್ಟದಂತೆ ಬೇಲಿ ಕಟ್ಟಿದ ರೈತನನ್ನು ನೆನೆಯಿರಿ. ಇಂಥ ಎತ್ತರದ ಪೇರ್ ಮರ ತುಂಬು ಫಸಲಿಗೆ ಬರಲು ಇಪ್ಪತ್ತು ವರ್ಷವಾದರೂ ಬೇಕು. ಆಗ ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದರೆ, ಈಗ ಆ ಮಗ ಬುಟ್ಟಿ ಹಿಡಿದು ಅದೇ ಮರದಡಿ ಹಣ್ಣು ಆರಿಸುತ್ತಿರಬಹುದು. ಪೀಪಾಯಿಗೆ ಇನ್ನೂ ಮೂರು ವರ್ಷ ಬೇಕು.

ನಮಸ್ಕಾರ.