ಬೂಷ್ಟಿನ ಮದ್ದು, ಪಾಚಿಯ ಪಾಡು

ಕೇಳುಗರಿಗೆ ನಮಸ್ಕಾರ.

ಕೆರೆಯ ನೀರು ತಂದು ಗಾಜಿನ ಕುಪ್ಪಿಯಲ್ಲಿ ಪಾಚಿ ಬೆಳೆಸುವವರಿಗೆ ಒಂದು ಕಾಟ ತಪ್ಪಿದ್ದಲ್ಲ. ಹಸಿರು ಚೆನ್ನಾಗಿ ಏರುತ್ತಿದೆ ಅನ್ನುವಷ್ಟರಲ್ಲಿ ಹತ್ತಿಯೆಳೆಯಂಥ ಬೂಷ್ಟು ಒಳಗೆಲ್ಲ ಹಬ್ಬಿರುತ್ತದೆ. ವಿದ್ಯಾರ್ಥಿಯಾಗಿದ್ದಾಗ ನಾನೂ, ಬೂಷ್ಟಿಗೆ ತಾನೇ ಈ ಮದ್ದು ಎಂದುಕೊಂಡು, ಕ್ಲೋರೆಲ್ಲಾ ಎಂಬ ಹಸಿರು ಪಾಚಿಯ ಕುಪ್ಪಿಗೆ ನಿಸ್ಟಾಟಿನ್ ಎಂಬ ಬೂಷ್ಟುನಾಶಕ ಹಾಕಿದೆ. ಬೂಷ್ಟು ನಿಂತಿತು. ಆದರೆ ಪಾಚಿಯೂ ಬಿಳಿಚಿಕೊಂಡು ತಳ ಸೇರಿತು. ಪಕ್ಕದ ಕುಪ್ಪಿಯಲ್ಲಿದ್ದ ನೀಲಿ-ಹಸಿರು ಪಾಚಿಗೂ ಅಷ್ಟೇ ಮದ್ದು ಬಿದ್ದಿತ್ತು. ಅದು ಮಾತ್ರ ಬೆಳೆಯುತ್ತಲೇ ಇತ್ತು.

ಹೀಗೇಕೆ? ಉತ್ತರ ಇರುವುದು ಜೀವಕೋಶದ ಪೊರೆಯಲ್ಲಿ. ಈ ಪೊರೆ ಗಟ್ಟಿಯಾಗಿಯೂ ಬಳುಕುವಂತೆಯೂ ಇರಲು ಅದರ ಕೊಬ್ಬಿನ ನಡುವೆ ಸ್ಟೆರಾಲ್ ಎಂಬ ವಸ್ತು ಸೇರಿರುತ್ತದೆ. ನಮ್ಮ ಕೋಶಗಳಲ್ಲಿ ಅದು ಕೊಲೆಸ್ಟೆರಾಲ್. ಬೂಷ್ಟಿನಂಥ ಶಿಲೀಂಧ್ರಗಳಲ್ಲಿ ಎರ್ಗೋಸ್ಟೆರಾಲ್. ನಿಸ್ಟಾಟಿನ್ ಅಂಟಿಕೊಳ್ಳುವುದು ಎರ್ಗೋಸ್ಟೆರಾಲ್‌ಗೆ. ಅಂಟಿದಲ್ಲಿ ಪೊರೆ ತೂತಾಗುತ್ತದೆ, ಒಳಗಿನ ಪೊಟ್ಯಾಸಿಯಂ ಸೋರಿಹೋಗುತ್ತದೆ, ಕೋಶ ಸಾಯುತ್ತದೆ. ಕ್ಲೋರೆಲ್ಲಾದ ಪೊರೆಯಲ್ಲೂ ಎರ್ಗೋಸ್ಟೆರಾಲ್ ಇರಬಹುದೆಂದು ನನಗೆ ಆಗ ಹೊಳೆದಿರಲಿಲ್ಲ. ನೀಲಿ-ಹಸಿರು ಪಾಚಿಯೋ, ಹೆಸರಿಗೆ ಪಾಚಿ. ಹುಟ್ಟಿನಿಂದ ಅದು ಬ್ಯಾಕ್ಟೀರಿಯಾ. ಅದರ ಪೊರೆಯಲ್ಲಿ ಈ ಮದ್ದಿಗೆ ಹಿಡಿದುಕೊಳ್ಳಲು ಏನೂ ಇಲ್ಲ.

ನಿಸ್ಟಾಟಿನ್ ಸಿಕ್ಕ ಬಗೆಯನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆಯಲ್ಲಿ ಎಲಿಜಬೆತ್ ಹೇಜನ್ ನ್ಯೂಯಾರ್ಕ್ ನಗರದಲ್ಲಿದ್ದರು, ರೇಚಲ್ ಬ್ರೌನ್ ಆಲ್ಬನಿಯಲ್ಲಿ. ಹೇಜನ್ ಮಣ್ಣಿನ ಜೀವಿಗಳನ್ನು ಬೆಳೆಸಿ ಜಾಡಿಯಲ್ಲಿ ತುಂಬಿ ಅಂಚೆಯಲ್ಲಿ ಕಳಿಸುವರು; ಬ್ರೌನ್ ಅದರಿಂದ ಮದ್ದಿನ ಅಂಶ ಬೇರ್ಪಡಿಸಿ ಅಂಚೆಯಲ್ಲೇ ಹಿಂದಿರುಗಿಸುವರು. ವರ್ಜೀನಿಯಾದ ಒಂದು ಹೊಲದ ಮಣ್ಣಿನಲ್ಲಿ ಸಿಕ್ಕ ಈ ಮದ್ದನ್ನು 1950ರಲ್ಲಿ ಲೋಕಕ್ಕೆ ತಿಳಿಸಿದರು, ತಮ್ಮ ‘ನ್ಯೂಯಾರ್ಕ್ ಸ್ಟೇಟ್’ನ ಹೆಸರನ್ನೇ ಅದಕ್ಕಿಟ್ಟರು. ಅದರಿಂದ ಬಂದ ರಾಯಧನವನ್ನು ಸ್ವಂತಕ್ಕೆ ಇಟ್ಟುಕೊಳ್ಳದೆ ವಿಜ್ಞಾನದ ಕೆಲಸಕ್ಕೆ ಬಿಟ್ಟುಕೊಟ್ಟರು. ನಮ್ಮಲ್ಲೂ ಪುಣೆಯ ಹತ್ತಿರದ ಪಿಂಪ್ರಿಯಲ್ಲಿ, ಹಿಂದೂಸ್ಥಾನ್ ಆಂಟಿಬಯೋಟಿಕ್ಸ್‌ನಲ್ಲಿ, ಎಂ. ಜೆ. ತಿರುಮಲಾಚಾರ್ ಮತ್ತು ಸಂಗಡಿಗರು ಇದೇ ಜಾತಿಯ ಹ್ಯಾಮೈಸಿನ್ ಕಂಡುಹಿಡಿದರು.

ಇದೇ ಕುಲದ ಆಂಫೊಟೆರಿಸಿನ್ ಹೆಸರನ್ನು 2021ರ ಕಪ್ಪು ಶಿಲೀಂಧ್ರದ ದಿನಗಳಲ್ಲಿ ನೀವೆಲ್ಲ ಕೇಳಿದ್ದೀರಿ. ಅದು ಕಿಡ್ನಿಗೆ ಪೆಟ್ಟು ಕೊಡುವ ಮದ್ದು. ಏಕೆಂದರೆ ನಮ್ಮ ಕೊಲೆಸ್ಟೆರಾಲ್‌ಗೂ ಅದು ಸ್ವಲ್ಪ ಅಂಟುತ್ತದೆ. ಬಿಹಾರದ ಕಾಲಾ ಆಜಾರ್ ಶಿಲೀಂಧ್ರದ ರೋಗವೇ ಅಲ್ಲ, ಆದರೂ ಇದೇ ಮದ್ದಿಗೆ ಬಗ್ಗುತ್ತದೆ. ಅದನ್ನು ತರುವ ಪರಾವಲಂಬಿ ಜೀವಿಯ ಪೊರೆಯಲ್ಲೂ ಎರ್ಗೋಸ್ಟೆರಾಲ್‌ನ ಬಳಗದವೇ ಇವೆ. ಹಸುವಿನ ಕೆಚ್ಚಲು ಬಾವಿಗೆ ಕಾರಣವಾಗುವ ಪ್ರೊಟೊಥೀಕಾ ಎಂಬುದೊಂದಿದೆ. ಹಸಿರು ಕಳೆದುಕೊಂಡ ಪಾಚಿ ಅದು, ಕ್ಲೋರೆಲ್ಲಾದ ದಾಯಾದಿ. ಮನುಷ್ಯರಿಗೆ ಅದು ತಗುಲಿದಾಗ ವೈದ್ಯರು ಕೊಡುವುದು ಈ ಆಂಫೊಟೆರಿಸಿನ್ನನ್ನೇ.

ಇನ್ನು ನಮ್ಮ ಮಲೆನಾಡಿನ ಅಡಿಕೆ ತೋಟಕ್ಕೆ ಬರೋಣ. ಕೊಳೆರೋಗ ತರುವ ಫೈಟಾಫ್ತೊರಾ ನೋಡಲು ಥೇಟ್ ಬೂಷ್ಟು. ವಂಶ ಹುಡುಕಿದರೆ ಕಂದು ಪಾಚಿಗಳ ಕಡೆಯದು. ಅದು ತಾನಾಗಿ ಸ್ಟೆರಾಲ್ ತಯಾರಿಸುವುದೇ ಇಲ್ಲ. ಹಾಗಾಗಿ ಎರ್ಗೋಸ್ಟೆರಾಲ್ ಹುಡುಕಿ ಹೊಡೆಯುವ ಮದ್ದುಗಳಿಗೆ ಅದು ಜಗ್ಗುವುದಿಲ್ಲ. ಮಳೆಗಾಲದ ಮುಂಚೆ ಗೊನೆಗೆ ಹೊಡೆಯುವ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಬೇರೆ ದಾರಿ ಹಿಡಿಯುತ್ತದೆ, ಅಲ್ಲಿ ಕೆಲಸ ಮಾಡುವುದು ತಾಮ್ರ. ಕೊಳೆತ ಕಾಯಿಯಿಂದ ಈ ಜೀವಿಯನ್ನು ಬೇರ್ಪಡಿಸಬೇಕಾದಾಗ ಪ್ರಯೋಗಾಲಯದವರು, ಅದು ಬೆಳೆಯುವ ತಟ್ಟೆಗೆ ನಿಸ್ಟಾಟಿನ್‌ನ ಒಡಹುಟ್ಟಾದ ಪಿಮರಿಸಿನ್ ಬೆರೆಸುತ್ತಾರೆ. ನಿಜವಾದ ಬೂಷ್ಟುಗಳೆಲ್ಲ ಅಲ್ಲೇ ನಿಲ್ಲುತ್ತವೆ. ಕೊಳೆರೋಗದ ಬಿಳಿ ಎಳೆಗಳು ತಟ್ಟೆಯ ತುಂಬ ಹಬ್ಬುತ್ತವೆ.

ನಮಸ್ಕಾರ.