ಫ್ಯಾನ್ ಬಂದ್ ಮಾಡದೆ ಕಸ ಹೊಡೆಯುವುದು

ಕೇಳುಗರೆಲ್ಲರಿಗೂ ನಮಸ್ಕಾರ.

ಏಪ್ರಿಲ್ ತಿಂಗಳಲ್ಲಿ ವಿಜಯಪುರದಲ್ಲಿ ಕಸ ಹೊಡೆಯುವುದು ಎಂಥ ಕೆಲಸ ಅಂತ ಇಲ್ಲಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹೊರಗೆ 40 ಡಿಗ್ರಿ. ಕಸಬರಿಗೆ ಕೈಗೆ ತಗೊಂಡ ಕೂಡಲೇ ಮೊದಲು ಫ್ಯಾನ್ ಬಂದ್ ಮಾಡಬೇಕು. ಇಲ್ಲದಿದ್ದರೆ ಕೂಡಿಸಿದ ಕಸ ಮತ್ತೆ ಸೋಫಾದ ಕೆಳಗೆ ಓಡುತ್ತದೆ. ಫ್ಯಾನ್ ನಿಂತಿತೋ, ಪೇಪರ್ ಓದುತ್ತ ಕೂತವರು "ಇನ್ನೂ ಎಷ್ಟೊತ್ತು?" ಅಂತ ಶುರು ಮಾಡುತ್ತಾರೆ. ಮೂರು ಕೋಣೆ ಮುಗಿಯುವಷ್ಟರಲ್ಲಿ ನಮ್ಮ ಬೆನ್ನು ತೊಯ್ದು ತೊಪ್ಪೆ.

ನಾವು ಸೋಲಾಪುರ ರಸ್ತೆ ಕಡೆಯ ಒಂದು ಅಪಾರ್ಟ್‌ಮೆಂಟಿಗೆ ಬಂದು ನಾಲ್ಕು ವರ್ಷವಾಯಿತು. ಮೂರನೇ ಮಹಡಿಗೆ ಧೂಳು ಬರಲ್ಲ ಅಂದುಕೊಂಡಿದ್ದೆ. ಗಾಳಿಗೇನು ಲಿಫ್ಟ್ ಬೇಕಾ? ಊರ ಸುತ್ತ ಎರೆ ಹೊಲ. ಬೆಳಿಗ್ಗೆ ಒರೆಸಿದ ಟೀಪಾಯಿ ಮೇಲೆ ಸಂಜೆ ಬೆರಳಿನಿಂದ ಹೆಸರು ಬರೆಯಬಹುದು.

ಹೋದ ವರ್ಷ ಮಗ ವೈರ್ ಇಲ್ಲದ ವ್ಯಾಕ್ಯೂಮ್ ಕ್ಲೀನರ್ ತಂದ. ನನಗೆ ಮನಸ್ಸಿರಲಿಲ್ಲ. ವೈರ್ ಇರುವ ಹಳೆಯದೊಂದು ಮೊದಲೇ ಇತ್ತಲ್ಲ. ಅದನ್ನು ಅಟ್ಟದಿಂದ ಇಳಿಸಬೇಕು, ಪೈಪು ಜೋಡಿಸಬೇಕು, ಪ್ಲಗ್ ಹುಡುಕಬೇಕು. ಹೀಗಾಗಿ ಅದು ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಕೆಳಗಿಳಿಯುತ್ತಿತ್ತು. ಅದೂ ವಾಸಿ ಅನ್ನಿ. 1901ರಲ್ಲಿ ಲಂಡನ್ನಿನ ಹ್ಯೂಬರ್ಟ್ ಸೆಸಿಲ್ ಬೂತ್ ಎಂಬ ಎಂಜಿನಿಯರ್ ಮಾಡಿದ ಯಂತ್ರವನ್ನು ಕುದುರೆ ಗಾಡಿಯ ಮೇಲೆ ತಂದು ಮನೆ ಮುಂದೆ ನಿಲ್ಲಿಸಿ, ಉದ್ದುದ್ದ ಪೈಪುಗಳನ್ನು ಕಿಟಕಿಯೊಳಗೆ ಬಿಡುತ್ತಿದ್ದರಂತೆ!

ಹೊಸದು ಎರಡೂವರೆ ಕಿಲೋ. ಅಡುಗೆಮನೆ ಬಾಗಿಲ ಹಿಂದೆ ಮೊಳೆಗೆ ನೇತುಹಾಕಿದ್ದೇವೆ. ಅದು ನಮ್ಮ ಮನೆಗೆ ಒಗ್ಗಿದ್ದೇ ಆ ಮೊಳೆಯಿಂದ. ಕಣ್ಣಿಗೆ ಬೀಳುತ್ತದೆ, ಕೈಗೆ ಸಿಗುತ್ತದೆ. ಶೇಂಗಾ ಹುರಿದು ತಿಕ್ಕಿದ ಮೇಲೆ ಸಿಪ್ಪೆ ಅಡುಗೆಮನೆ ತುಂಬ ಹಾರಾಡುತ್ತದಲ್ಲ, ಕಸಬರಿಗೆ ಮುಟ್ಟಿಸಿದರೆ ಇನ್ನಷ್ಟು ಹಾರುತ್ತದೆ. ಇದರ ಬಾಯಿ ಹತ್ತಿರ ಒಯ್ದರೆ ಸಾಕು, ಸುಮ್ನೆ ಒಳಗೆ ಹೋಗುತ್ತದೆ. ತಲೆ ಮೇಲೆ ಫ್ಯಾನ್ ಗರಗರ ತಿರುಗುತ್ತಿದ್ದರೂ ಅಷ್ಟೇ. ನನಗೆ ಯಂತ್ರ ಹಿಡಿಸಿದ್ದು ಅವತ್ತು.

ಸಾಮಾನ್ಯ ವೇಗದಲ್ಲಿ ನಮ್ಮದು 40 ನಿಮಿಷ ನಡೆಯುತ್ತದೆ. ಎರಡು ಬೆಡ್‌ರೂಮಿನ ಮನೆಗೆ 20 ನಿಮಿಷ ಸಾಕು. ಜೋರು ವೇಗಕ್ಕೆ ಹಾಕಿದರೆ ಮಾತ್ರ ಹತ್ತೇ ನಿಮಿಷಕ್ಕೆ ಬ್ಯಾಟರಿ ಖಾಲಿ. ಮತ್ತೆ ತುಂಬಲು ನಾಲ್ಕು ತಾಸು ಬೇಕು. ಹಾಗಾಗಿ ಜೋರು ವೇಗ ಡೋರ್‌ಮ್ಯಾಟಿಗೆ, ಗಾದಿಗೆ ಮಾತ್ರ. ಬ್ಯಾಟರಿ ಲಿಥಿಯಂ ಅಯಾನ್ ಜಾತಿಯದು, ಮೊಬೈಲಿನಲ್ಲಿ ಇರುತ್ತದಲ್ಲ, ಅದೇ. ಅದಕ್ಕೆ ಬಿಸಿ ಆಗಿಬರಲ್ಲ. ಮೊದಲು ನಾವು ಚಾರ್ಜರನ್ನು ಪಡುವಣ ಬಾಲ್ಕನಿಯಲ್ಲಿ ಇಟ್ಟಿದ್ದೆವು. ಮಧ್ಯಾಹ್ನದ ಬಿಸಿಲು ನೇರ ಬೀಳುವ ಜಾಗ. ಮಗ ನೋಡಿ ಬೈದು ಒಳಗೆ ತಂದ.

ಈಗ ನಾನು ಮಾಡಿಕೊಂಡ ಎಡವಟ್ಟು ಹೇಳುತ್ತೇನೆ. ಒಂದು ದಿನ ರೊಟ್ಟಿ ಬಡಿದಾದ ಮೇಲೆ ಕಟ್ಟೆ ಮೇಲೆ, ಕೆಳಗೆ, ಜೋಳದ ಹಿಟ್ಟು ಚೆಲ್ಲಿತ್ತು. ಯಂತ್ರ ಇದೆಯಲ್ಲ ಅಂತ ಎಲ್ಲ ಎಳೆಸಿದೆ. ಚಂದ ಆಯಿತು. ಮರುದಿನ ಬಾಗಿಲ ಮುಂದಿನ ಹಳೇ ರಂಗೋಲಿ ಪುಡಿಯನ್ನೂ ಎಳೆಸಿದೆ. ಮೂರನೇ ದಿನ ಅದು ದಮ್ಮು ಹತ್ತಿದವರ ಹಾಗೆ ತಡೆತಡೆದು ಉಸಿರಾಡಿ ನಿಂತೇಬಿಟ್ಟಿತು. ಕೆಟ್ಟಿತು ಅಂತ ಕೈ ಬಿಟ್ಟಿದ್ದೆ. ಬಿಚ್ಚಿ ನೋಡಿದರೆ ಫಿಲ್ಟರಿಗೆ ಹಿಟ್ಟು ಗಿಲಾವು ಹೊಡೆದ ಹಾಗೆ ಮೆತ್ತಿದೆ.

ಕಣದಲ್ಲಿ ಜೋಳ ತೂರುವಾಗ ಕಾಳು ಹತ್ತಿರ ಬೀಳುತ್ತದೆ, ಹೊಟ್ಟು ದೂರ ಹೋಗುತ್ತದೆ. ಯಂತ್ರದ ಕಸದ ಡಬ್ಬಿಯೊಳಗೂ ಹೆಚ್ಚುಕಡಿಮೆ ಅದೇ ಲೆಕ್ಕ. ಗಾಳಿ ಗಿರಗಿರ ಸುತ್ತುತ್ತದೆ, ಭಾರದ ಕಸ ಗೋಡೆಗೆ ಬಡಿದು ಕೆಳಗೆ ಬೀಳುತ್ತದೆ. ಹಿಟ್ಟು, ಊದುಬತ್ತಿ ಬೂದಿ, ರಂಗೋಲಿ ಪುಡಿ ಇವೆಲ್ಲ ಹಗುರ. ಅವು ಗಾಳಿಯ ಜೊತೆಗೇ ಹೋಗಿ ಫಿಲ್ಟರಿಗೆ ಅಂಟುತ್ತವೆ. ಹೆಪಾ ಅನ್ನುವ ಫಿಲ್ಟರ್ ಇದ್ದರೆ ಅದು 0.3 ಮೈಕ್ರಾನ್ ಕಣಗಳನ್ನೂ 100ಕ್ಕೆ 99.97ರಷ್ಟು ತಡೆಯಬೇಕು. ನಮ್ಮ ತಲೆಕೂದಲೇ ಸುಮಾರು 70 ಮೈಕ್ರಾನ್ ದಪ್ಪ ಇರುತ್ತದೆ, ಅಂದಾಜು ಮಾಡಿ. ಅಷ್ಟು ಸಣ್ಣ ಜರಡಿಗೆ ರೊಟ್ಟಿ ಹಿಟ್ಟು ಸುರಿದರೆ ಪಾಪ ಅದೇನು ಮಾಡೀತು?

ಈಗ ಹಿಟ್ಟಿಗೆ ಒದ್ದೆ ಬಟ್ಟೆ, ರಂಗೋಲಿಗೆ ಕಸಬರಿಗೆ. ಫಿಲ್ಟರನ್ನು ಹದಿನೈದು ದಿನಕ್ಕೊಮ್ಮೆ ನೀರಲ್ಲಿ ತೊಳೆಯುತ್ತೇನೆ. ತೊಳೆಯಬಹುದಾದ ಫಿಲ್ಟರ್ ಹೌದೋ ಅಲ್ಲವೋ ಅಂತ ಪುಸ್ತಿಕೆಯಲ್ಲಿ ನೋಡಿಕೊಳ್ಳಿ. ತೊಳೆದ ಮೇಲೆ 24 ತಾಸು ನೆರಳಲ್ಲಿ ಒಣಗಬೇಕು. ಒಮ್ಮೆ ಅವಸರದಲ್ಲಿ ಹಸಿಯಿದ್ದಾಗಲೇ ಹಾಕಿ, ಮನೆಯೆಲ್ಲ ತೊಯ್ದ ಗೋಣಿಚೀಲದ ವಾಸನೆ ಬಂದಿತ್ತು. ಇನ್ನು ಬ್ರಷ್ಷಿಗೆ ಸುತ್ತಿಕೊಳ್ಳುವ ಕೂದಲು. ನಮ್ಮ ಮನೆಯಲ್ಲಿ ಮೂವರು ಉದ್ದ ಕೂದಲಿನವರು. ವಾರಕ್ಕೊಮ್ಮೆ ಕತ್ತರಿ ಹಿಡಿದು ಕೂರಲೇಬೇಕು.

ನೆಲ ಒರೆಸುವುದು ಇದರಿಂದ ತಪ್ಪಿಲ್ಲ. ಕೆಲಸದಾಕೆ ಬರುತ್ತಾಳೆ, ಒರೆಸುತ್ತಾಳೆ. ಕಸ ಮೊದಲೇ ಹೋಗಿರುವುದರಿಂದ ಬಕೆಟ್ ನೀರು ಬೇಗ ಕಪ್ಪಾಗಲ್ಲ ಅಂತ ಅವಳಿಗೂ ಖುಷಿ.

ನಮ್ಮ ಅತ್ತೆಯವರದು ಮಾತ್ರ ಬೇರೆ ತಕರಾರು. ದೀಪ ಹಚ್ಚಿದ ಮೇಲೆ ಕಸ ಹೊಡೆಯಬಾರದು, ಲಕ್ಷ್ಮಿ ಹೊರಗೆ ಹೋಗುತ್ತಾಳೆ, ಅಲ್ವಾ? ಒಂದು ಸಂಜೆ ಮೊಮ್ಮಗ ಚುರುಮುರಿ ಚೆಲ್ಲಿದ. ನಾನು ಯಂತ್ರ ತೆಗೆದೆ. ಅತ್ತೆ ತಡೆದರು. ಹತ್ತಿರ ಬಂದು ಪಾರದರ್ಶಕ ಡಬ್ಬಿಯನ್ನು ಎರಡು ಸಲ ತಿರುಗಿಸಿ ನೋಡಿದರು.

"ಕಸಾ ಇದರಾಗs ಇರತೈತಿ ಏನವಾ?"

"ಹೌದ್ರಿ ಅತ್ತಿ."

"ಹಂಗಾದ್ರ ಹೊಡಿ. ಡಬ್ಬಿ ಮಾತ್ರ ಮುಂಜಾನಿ ಬಿಚ್ಚು."