ಸ್ವರ್ಗಕ್ಕೆ ಹೋಗುವುದೇ ಕೊನೆಯಲ್ಲ: ಪುನರುತ್ಥಾನದ ಬಗ್ಗೆ ಕ್ರೈಸ್ತರು ನಂಬುವುದೇನು?

[ದೃಶ್ಯ: ರೋಮ್‌ನ ನೆಲದಡಿಯ ಸಮಾಧಿ ಸುರಂಗಗಳ ಗೋಡೆಚಿತ್ರ. ಬಟ್ಟೆ ಸುತ್ತಿದ ಲಾಜರ, ಎದುರಿಗೆ ಕೋಲು ಚಾಚಿ ನಿಂತ ಯೇಸು.]

ನಿರೂಪಣೆ:

ನಮಸ್ಕಾರ. ಸತ್ತ ಮೇಲೆ ಏನಾಗುತ್ತದೆ ಎಂದು ಕ್ರೈಸ್ತರನ್ನು ಕೇಳಿದರೆ ಬಹುಪಾಲು ಸಿಗುವ ಉತ್ತರ ಒಂದೇ: ಆತ್ಮ ದೇಹವನ್ನು ಬಿಟ್ಟು ಹೋಗುತ್ತದೆ, ಒಳ್ಳೆಯವರದು ಸ್ವರ್ಗಕ್ಕೆ, ಕೆಟ್ಟವರದು ನರಕಕ್ಕೆ. ಆದರೆ ಚರ್ಚಿನಲ್ಲಿ ಎಲ್ಲರೂ ಎದ್ದು ನಿಂತು ಹೇಳುವ ಅಪೊಸ್ತಲರ ವಿಶ್ವಾಸಪ್ರಮಾಣವನ್ನು ಕಿವಿಗೊಟ್ಟು ಕೇಳಿ. ಆತ್ಮ ಸ್ವರ್ಗಕ್ಕೆ ಹೋಗುವ ಮಾತೇ ಅದರಲ್ಲಿಲ್ಲ. ಕೊನೆಗೆ ಬರುವುದು ಶರೀರದ ಪುನರುತ್ಥಾನ ಮತ್ತು ನಿತ್ಯಜೀವ. ಮಣ್ಣಿಗೆ ಸೇರಿದ ಈ ಶರೀರದ್ದೇ ಮಾತು.

ಇದನ್ನು ಪುನರ್ಜನ್ಮದ ಜೊತೆ ಬೆರೆಸಬೇಡಿ. ಅಲ್ಲಿ ಜೀವ ಮತ್ತೊಂದು ದೇಹ ತಾಳುತ್ತದೆ, ಮತ್ತೆ ಬಿಡುತ್ತದೆ. ಇಲ್ಲಿ ಹುಟ್ಟು ಒಂದೇ, ಸಾವು ಒಂದೇ, ಏಳುವುದೂ ಒಂದೇ ಸಲ. ಎದ್ದವರು ಮತ್ತೆ ಸಾಯುವುದಿಲ್ಲ.

[ದೃಶ್ಯ: ಜೆರುಸಲೇಮಿನ ದೇವಾಲಯದ ಮಾದರಿ.]

ಈ ನಂಬಿಕೆಯ ಬೇರು ಇರುವುದು ಯೆಹೂದಿ ನೆಲದಲ್ಲಿ. ಕ್ರಿ.ಪೂ. 2ನೇ ಶತಮಾನದಲ್ಲಿ ಸಿರಿಯಾದ ದೊರೆ ನಾಲ್ಕನೇ ಅಂತಿಯೋಕ ಯೆಹೂದಿ ಧರ್ಮಾಚರಣೆಯನ್ನೇ ನಿಷೇಧಿಸಿದ. ಮಕ್ಕಬಿಯರ ಎರಡನೇ ಗ್ರಂಥದಲ್ಲಿ ಆ ಕಾಲದ ಕಥೆಯೊಂದಿದೆ. ಹಂದಿಮಾಂಸ ತಿನ್ನಲು ಒಪ್ಪದ ಏಳು ಸಹೋದರರನ್ನು ತಾಯಿಯ ಕಣ್ಣೆದುರಿಗೇ ಒಬ್ಬೊಬ್ಬರಾಗಿ ಕೊಲ್ಲುತ್ತಾರೆ. ಮೂರನೆಯವನ ಸರದಿ ಬಂದಾಗ ಅವನು ತಾನೇ ನಾಲಿಗೆ ಹೊರಚಾಚಿ, ಎರಡೂ ಕೈಗಳನ್ನು ಮುಂದೊಡ್ಡಿ, ಇವನ್ನು ಕೊಟ್ಟವನು ದೇವರು, ಅವನಿಂದಲೇ ಮರಳಿ ಪಡೆಯುತ್ತೇನೆ ಎನ್ನುತ್ತಾನೆ. ಕತ್ತರಿಸಿದ ಕೈಯೇ ಮರಳಿ ಬರಬೇಕೆಂಬ ಹಟ ಅದು. ನೀತಿವಂತನಿಗೆ ಈ ಲೋಕದಲ್ಲಿ ಆದ ಅನ್ಯಾಯವನ್ನು ದೇವರು ಈ ಲೋಕದಲ್ಲೇ ಸರಿಪಡಿಸಬೇಕು ಎಂಬ ಹಟ. ಪುನರುತ್ಥಾನದ ನಂಬಿಕೆ ಹುಟ್ಟಿದ್ದು ಸಾವಿನ ಭಯದಿಂದ ಎನ್ನುವವರಿದ್ದಾರೆ. ನನಗೆ ಇಲ್ಲಿ ಕಾಣುವುದು ನ್ಯಾಯದ ಹಸಿವು.

ಎಲ್ಲ ಯೆಹೂದಿಗಳೂ ಇದನ್ನು ಒಪ್ಪಿರಲಿಲ್ಲ. ಫರಿಸಾಯರೆಂಬ ಪಂಗಡದವರು ಒಪ್ಪಿದರು, ದೇವಾಲಯದ ಅಧಿಕಾರ ಕೈಯಲ್ಲಿದ್ದ ಸದ್ದುಕಾಯರೆಂಬ ಪಂಗಡದವರು ಒಪ್ಪಲಿಲ್ಲ. ಸದ್ದುಕಾಯರು ಯೇಸುವಿನ ಬಳಿ ಬಂದು ಕೇಳಿದ ಕುಹಕದ ಪ್ರಶ್ನೆ ಪ್ರಸಿದ್ಧ. ಗಂಡ ಸತ್ತ ಹೆಂಗಸೊಬ್ಬಳು ಕುಲದ ಕಟ್ಟಳೆಯಂತೆ ಮೈದುನನನ್ನು ಮದುವೆಯಾಗುತ್ತಾಳೆ, ಅವನೂ ಸಾಯುತ್ತಾನೆ; ಹೀಗೆ ಏಳು ಮಂದಿ ಅಣ್ಣತಮ್ಮಂದಿರೂ ಮುಗಿಯುತ್ತಾರೆ. (ಇಲ್ಲಿಯೂ ಏಳೇ!) ಎಲ್ಲರೂ ಎದ್ದು ಬಂದ ದಿನ ಅವಳು ಯಾರ ಹೆಂಡತಿ? ಎದ್ದವರಲ್ಲಿ ಮದುವೆಯೆಂಬುದು ಇರುವುದಿಲ್ಲ, ಅವರು ದೇವದೂತರಂತೆ ಇರುತ್ತಾರೆ ಎಂದು ಯೇಸು ಉತ್ತರಿಸುತ್ತಾನೆ. ಎಂದರೆ ಆ ಜೀವನ ಇದೇ ಸಂಸಾರದ ಮುಂದುವರಿದ ಭಾಗವಲ್ಲ.

[ದೃಶ್ಯ: ಬಂಡೆಯಲ್ಲಿ ಕೊರೆದ ಸಮಾಧಿ, ಪಕ್ಕಕ್ಕೆ ಉರುಳಿಸಿದ ಕಲ್ಲು.]

ಇನ್ನು ಈಸ್ಟರ್. ಗಮನಿಸಿ, ಯೇಸು ಸಮಾಧಿಯಿಂದ ಏಳುವ ಕ್ಷಣವನ್ನು ಅವನ ಜೀವನ ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಒಂದೂ ವರ್ಣಿಸುವುದಿಲ್ಲ. ಬರಿದಾದ ಸಮಾಧಿ ಸಿಗುತ್ತದೆ, ಆಮೇಲೆ ಯೇಸು ಸಿಗುತ್ತಾನೆ, ನಡುವಿನದು ಖಾಲಿ. ಯೋಹಾನನ ಸುವಾರ್ತೆಯಲ್ಲಿ ಪೇತ್ರ ಒಳಗೆ ಹೋಗಿ ನೋಡಿದಾಗ ನಾರುಬಟ್ಟೆಗಳು ಬಿದ್ದಿವೆ. ತಲೆಗೆ ಕಟ್ಟಿದ್ದ ವಸ್ತ್ರ ಮಾತ್ರ ಬೇರೆಯಾಗಿ ಸುತ್ತಿಟ್ಟಿದೆ. ಹೆಣ ಕದಿಯಲು ಬಂದವರಿಗೆ ಬಟ್ಟೆ ಸುತ್ತಿಡುವ ವ್ಯವಧಾನ ಎಲ್ಲಿಯದು ಎಂದು ವ್ಯಾಖ್ಯಾನಕಾರರು ಹಿಂದಿನಿಂದಲೂ ಕೇಳಿದ್ದಾರೆ.

ಎದ್ದು ಬಂದ ದೇಹವೂ ವಿಚಿತ್ರ. ಮಗ್ದಲದ ಮರಿಯಳು ಅವನನ್ನು ತೋಟಗಾರನೆಂದು ತಿಳಿಯುತ್ತಾಳೆ, ಹೆಸರು ಹಿಡಿದು ಕರೆದಾಗಲೇ ಗುರುತು ಸಿಗುವುದು. ಬಾಗಿಲು ಮುಚ್ಚಿದ್ದರೂ ಅವನು ಒಳಗೆ ಬಂದು ನಿಲ್ಲುತ್ತಾನೆ. ಹಾಗಾದರೆ ಭೂತವೇ? ಶಿಷ್ಯರಿಗೂ ಅದೇ ಅನುಮಾನ. ಆಗ ಅವನು ತಿನ್ನಲು ಏನಾದರೂ ಇದೆಯೇ ಎಂದು ಕೇಳಿ, ಸುಟ್ಟ ಮೀನಿನ ತುಂಡನ್ನು ಅವರೆದುರಿಗೇ ತಿನ್ನುತ್ತಾನೆ, ಲೂಕನ ಪ್ರಕಾರ. ತೋಮನಿಗೆ ಕೈಯ ಮೊಳೆಗಾಯವನ್ನೇ ತೋರಿಸುತ್ತಾನೆ. ಸಾವನ್ನು ಗೆದ್ದ ದೇಹದಲ್ಲೂ ಗಾಯದ ಗುರುತು ಉಳಿದಿದೆ. ಯೇಸು ಬದುಕಿಸಿದ ಲಾಜರನಿಗೆ ಆದದ್ದು ಇದಲ್ಲ. ನಾಲ್ಕು ದಿನ ಸಮಾಧಿಯಲ್ಲಿದ್ದ ಅವನು ಹಳೆಯ ಬದುಕಿಗೇ ಮರಳಿದ. ಮುಂದೆ ಮತ್ತೆ ಸಾಯಲೇಬೇಕಾಗಿತ್ತು.

[ದೃಶ್ಯ: ಕೊರಿಂಥದ ಅವಶೇಷಗಳು.]

ಸುವಾರ್ತೆಗಳಿಗಿಂತ ಮೊದಲೇ, ಸುಮಾರು ಕ್ರಿ.ಶ. 55ರ ಹೊತ್ತಿಗೆ, ಅಪೊಸ್ತಲ ಪೌಲ ಗ್ರೀಸಿನ ಕೊರಿಂಥ ನಗರದ ಕ್ರೈಸ್ತ ಸಭೆಗೆ ಪತ್ರ ಬರೆದಿದ್ದ. ಗ್ರೀಕರಿಗೆ ಆತ್ಮ ಅಮರ ಎಂದರೆ ಸುಲಭವಾಗಿ ಒಪ್ಪಿಗೆ. ಪ್ಲೇಟೊ ಅದನ್ನು ಎಂದೋ ಹೇಳಿಯಾಗಿತ್ತು. ಹೆಣ ಎದ್ದು ಬರುತ್ತದೆ ಎಂದರೆ ನಗು. ಅಥೆನ್ಸಿನಲ್ಲಿ ಪೌಲನ ಮಾತನ್ನು ಆಸಕ್ತಿಯಿಂದ ಕೇಳುತ್ತಿದ್ದವರಲ್ಲಿ ಕೆಲವರು ಗೇಲಿ ಮಾಡಿದ್ದು ಈ ವಿಷಯ ಬಂದಾಗಲೇ. ಆದರೂ ಪೌಲ ಜಗ್ಗಲಿಲ್ಲ. ಕ್ರಿಸ್ತನು ಎದ್ದಿಲ್ಲವಾದರೆ ನಿಮ್ಮ ನಂಬಿಕೆಯೇ ವ್ಯರ್ಥ ಎಂದು ಆ ಪತ್ರದ 15ನೇ ಅಧ್ಯಾಯದಲ್ಲಿ ಖಡಾಖಂಡಿತವಾಗಿ ಬರೆದ. ಎದ್ದ ಕ್ರಿಸ್ತನನ್ನು ಕಂಡವರ ಪಟ್ಟಿಯನ್ನೂ ಕೊಟ್ಟ: ಕೇಫ (ಎಂದರೆ ಪೇತ್ರ), ಹನ್ನೆರಡು ಮಂದಿ ಶಿಷ್ಯರು, ಒಮ್ಮೆಗೇ 500ಕ್ಕೂ ಹೆಚ್ಚು ಜನ. ಏಳುವ ದೇಹ ಎಂಥದ್ದು ಎಂಬುದಕ್ಕೆ ಅವನ ಉತ್ತರ ಬೀಜ. ಬಿತ್ತಿದ್ದು ಬರಿಯ ಕಾಳು, ಬೆಳೆದು ಬರುವುದು ಬೇರೆಯೇ ರೂಪ. ಆದರೂ ಅದು ಆ ಕಾಳಿನದ್ದೇ.

ಮುಂದಿನ ಶತಮಾನಗಳಲ್ಲಿ ತಕರಾರುಗಳು ಇನ್ನೂ ಚೂಪಾದವು. ಕ್ಷಾಮದಲ್ಲಿ ಒಬ್ಬನ ಮಾಂಸವನ್ನು ಇನ್ನೊಬ್ಬ ತಿಂದಿದ್ದರೆ ಆ ಮಾಂಸ ಯಾರಿಗೆ ಸೇರಬೇಕು? ಸಂತ ಅಗಸ್ಟೀನ್ 5ನೇ ಶತಮಾನದಲ್ಲಿ ಇದಕ್ಕೂ ಉತ್ತರಿಸಿದ್ದಾನೆ: ಮೊದಲು ಯಾರದಾಗಿತ್ತೋ ಅವನಿಗೆ. ಮಗುವಾಗಿ ಸತ್ತವರು ಯಾವ ವಯಸ್ಸಿನಲ್ಲಿ ಏಳುತ್ತಾರೆ? ಪೂರ್ಣ ಯೌವನದಲ್ಲಿ, ಕ್ರಿಸ್ತನಂತೆ ಸುಮಾರು ಮೂವತ್ತರ ಪ್ರಾಯದಲ್ಲಿ. ಜೀವನವಿಡೀ ಕತ್ತರಿಸಿ ಎಸೆದ ಕೂದಲು, ಉಗುರು? ಅದೆಲ್ಲ ಕುರೂಪವಾಗುವಂತೆ ಮರಳಿ ಬರುವುದಿಲ್ಲ, ಗಾಬರಿ ಬೇಡ ಎನ್ನುತ್ತಾನೆ. ಅವನ ತಾಳ್ಮೆಗೆ ನಗುವೂ ಬರುತ್ತದೆ, ಗೌರವವೂ ಮೂಡುತ್ತದೆ. ದೇಹ ಎಂದು ಒಮ್ಮೆ ಹೇಳಿದ ಮೇಲೆ ಉಗುರಿನ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವಂತಿಲ್ಲವಲ್ಲ!

[ದೃಶ್ಯ: ಫ್ರಾನ್ಸಿನ ಆವಿನ್ಯೋ ನಗರದ ಪೋಪ್ ಅರಮನೆ.]

ಹಾಗಾದರೆ ಸಾವಿಗೂ ಎಲ್ಲರೂ ಎದ್ದು ಬರುವ ಆ ಕೊನೆಯ ದಿನಕ್ಕೂ ನಡುವಿನ ಕಾಲದಲ್ಲಿ ಸತ್ತವರು ಎಲ್ಲಿರುತ್ತಾರೆ? ಈ ಪ್ರಶ್ನೆ ಒಬ್ಬ ಪೋಪನನ್ನೇ ಇಕ್ಕಟ್ಟಿಗೆ ಸಿಲುಕಿಸಿತು. 1331ರ ಸಕಲ ಸಂತರ ಹಬ್ಬದಂದು ಇಪ್ಪತ್ತೆರಡನೇ ಜಾನ್ ಆವಿನ್ಯೋದಲ್ಲಿ ಪ್ರಸಂಗ ಮಾಡುತ್ತ, ನೀತಿವಂತರ ಆತ್ಮಗಳಿಗೂ ಅಂತಿಮ ತೀರ್ಪಿನವರೆಗೆ ದೇವರ ಮುಖದರ್ಶನವಿಲ್ಲ ಎಂದುಬಿಟ್ಟರು. ಹಾಗಾದರೆ ನಾವು ಪ್ರಾರ್ಥಿಸುವ ಸಂತರು ಇನ್ನೂ ಕಾಯುತ್ತಲೇ ಇದ್ದಾರೆಯೇ? ಪ್ಯಾರಿಸ್ಸಿನ ದೇವಶಾಸ್ತ್ರಜ್ಞರು ತಿರುಗಿಬಿದ್ದರು, ಫ್ರಾನ್ಸಿನ ರಾಜನೂ ಅವರ ಜೊತೆ ನಿಂತ. 1334ರ ಡಿಸೆಂಬರಿನಲ್ಲಿ, ಮರಣಶಯ್ಯೆಯಲ್ಲಿ, ಪೋಪ್ ಆ ಮಾತನ್ನು ಹಿಂತೆಗೆದುಕೊಂಡರು. 1336ರಲ್ಲಿ ಅವರ ಉತ್ತರಾಧಿಕಾರಿ ಹನ್ನೆರಡನೇ ಬೆನೆಡಿಕ್ಟ್ ಅಧಿಕೃತವಾಗಿ ತೀರ್ಮಾನ ಕೊಟ್ಟರು: ಶುದ್ಧವಾದ ಆತ್ಮಗಳಿಗೆ ಸತ್ತ ಕೂಡಲೇ ದೇವದರ್ಶನ, ಇನ್ನೂ ಶುದ್ಧಿಯಾಗಬೇಕಾದವರಿಗೆ ಅದು ಮುಗಿದ ಮೇಲೆ. ದೇಹದ ಪುನರುತ್ಥಾನ ಮಾತ್ರ ಕೊನೆಯ ದಿನಕ್ಕೇ.

ಜನರ ಕಲ್ಪನೆಯಲ್ಲಿ ಮೊದಲ ಅರ್ಧ ಉಳಿಯಿತು, ಎರಡನೆಯದು ಮಸುಕಾಯಿತು. ಈಗ ಸ್ವರ್ಗವೆಂದರೆ ಮೋಡ ಮತ್ತು ರೆಕ್ಕೆ. ಆದರೆ ಬೈಬಲ್ಲಿನ ಕೊನೆಯ ಪುಸ್ತಕ ಪ್ರಕಟನೆಯ 21ನೇ ಅಧ್ಯಾಯದಲ್ಲಿ ಮನುಷ್ಯರು ಮೇಲಕ್ಕೆ ಹೋಗುವುದಿಲ್ಲ. ಹೊಸ ಜೆರುಸಲೇಮ್ ಪರಲೋಕದಿಂದ ಕೆಳಗೆ ಇಳಿದು ಬರುತ್ತದೆ, ದೇವರೇ ಮನುಷ್ಯರ ನಡುವೆ ಬಿಡಾರ ಹೂಡುತ್ತಾನೆ.

[ದೃಶ್ಯ: ಇಸ್ತಾಂಬುಲ್‌ನ ಖೋರಾ ಚರ್ಚಿನ ಭಿತ್ತಿಚಿತ್ರ, 14ನೇ ಶತಮಾನ. ನಿಧಾನವಾಗಿ ಹತ್ತಿರಕ್ಕೆ.]

ಪೂರ್ವದ ಆರ್ಥೊಡಾಕ್ಸ್ ಚರ್ಚ್ ಇದನ್ನು ಮರೆಯಲಿಲ್ಲ. ಈ ಚಿತ್ರ ನೋಡಿ. ಕ್ರಿಸ್ತನ ಒಂದು ಕೈಯಲ್ಲಿ ಆದಾಮನ ಮಣಿಕಟ್ಟು, ಇನ್ನೊಂದರಲ್ಲಿ ಹವ್ವಳದು. ಇಬ್ಬರನ್ನೂ ಗೋರಿಯಿಂದ ಎಳೆಯುತ್ತಿದ್ದಾನೆ. ಕಾಲಡಿಯಲ್ಲಿ ಪಾತಾಳದ ಮುರಿದ ಕದಗಳು, ಚೆಲ್ಲಾಪಿಲ್ಲಿಯಾದ ಬೀಗಗಳು. ಕ್ರಿಸ್ತ ಒಬ್ಬನೇ ಏಳುತ್ತಿಲ್ಲ.

16ನೇ ಶತಮಾನದ ಪ್ರಾಟೆಸ್ಟೆಂಟ್ ಸುಧಾರಕರು ಆತ್ಮಗಳು ದೇವದರ್ಶನಕ್ಕೆ ಮೊದಲು ಶುದ್ಧಿಯಾಗುವ ಆ ನಡುವಿನ ನೆಲೆಯನ್ನು, ಎಂದರೆ ಶುದ್ಧೀಕರಣ ಸ್ಥಳವನ್ನು, ತಿರಸ್ಕರಿಸಿದರು. ಕ್ಯಾಥೊಲಿಕರು ಉಳಿಸಿಕೊಂಡರು. ನವೆಂಬರ್ 2ರಂದು ಮಂಗಳೂರಿನ ಕಡೆಯ ಚರ್ಚುಗಳ ಸ್ಮಶಾನದಲ್ಲಿ ಗೋರಿಗಳಿಗೆ ಹೂವು ಏರಿಸಿ, ಮೇಣದ ಬತ್ತಿ ಹಚ್ಚಿ, ಸತ್ತವರಿಗಾಗಿ ಪೂಜೆ ಅರ್ಪಿಸುವುದು ಇದೇ ಕಾರಣಕ್ಕೆ.

ಕೊನೆಯದಾಗಿ, ಶವವನ್ನು ಸುಡಬಹುದೇ ಎಂಬ ಪ್ರಶ್ನೆ. ಕ್ಯಾಥೊಲಿಕ್ ಚರ್ಚ್ 1963ರಿಂದ ಇದಕ್ಕೆ ಅನುಮತಿ ನೀಡಿದೆ, ಪುನರುತ್ಥಾನವನ್ನು ಅಲ್ಲಗಳೆಯುವ ಉದ್ದೇಶವಿರಬಾರದು ಎಂಬ ಷರತ್ತಿನ ಮೇಲೆ. ಬೂದಿಯಿಂದ ಎಬ್ಬಿಸುವುದು ದೇವರಿಗೆ ಕಷ್ಟವಲ್ಲ, ಆದರೂ ಹೂಳುವುದೇ ಮೇಲು ಎಂಬುದು ಅದರ ನಿಲುವು. 2016ರ ನಿರ್ದೇಶನದ ಪ್ರಕಾರ ಚಿತಾಭಸ್ಮವನ್ನು ಗಾಳಿಗೆ, ನೀರಿಗೆ ಚೆಲ್ಲುವಂತಿಲ್ಲ, ಸಾಮಾನ್ಯವಾಗಿ ಮನೆಯಲ್ಲಿ ಇಟ್ಟುಕೊಳ್ಳುವಂತೆಯೂ ಇಲ್ಲ. ಪವಿತ್ರ ಸ್ಥಳದಲ್ಲೇ ಇಡಬೇಕು. 2023ರ ಡಿಸೆಂಬರಿನಲ್ಲಿ ವ್ಯಾಟಿಕನ್ ತುಸು ಸಡಿಲಿಸಿ, ಭಸ್ಮದ ಸ್ವಲ್ಪ ಭಾಗವನ್ನು ಮೃತರಿಗೆ ಮುಖ್ಯವಾಗಿದ್ದ ಬೇರೊಂದು ಜಾಗದಲ್ಲಿ ಇಡಲು ಅವಕಾಶವಿದೆ ಎಂದಿತು.

ಶುದ್ಧೀಕರಣ ಸ್ಥಳ ಮತ್ತು 1517ರ ಪ್ರಾಟೆಸ್ಟೆಂಟ್ ಸುಧಾರಕ ಲೂಥರನ ಜಗಳದ ಕಥೆ ಮುಂದಿನ ವಿಡಿಯೋದಲ್ಲಿ.